ಕುಡುಕನಲ್ಲ, ರಾಜನಲ್ಲ, ನಾಜಿಯೂ ಅಲ್ಲ

ನನ್ನ ಹಾಗೆ 2023ರಲ್ಲಿ ಅಮೆರಿಕದ ಪೌರತ್ವದ ಸಂದರ್ಶನ ಮುಗಿಸಿ ಬಂದ ಯಾವ ಕನ್ನಡಿಗನನ್ನಾದರೂ ಕೇಳಿ ನೋಡಿ. “ಏನಿಲ್ಲ ಕಣ್ರೀ, ಹತ್ತು ಪ್ರಶ್ನೆ, ಆರು ಸರಿ ಹೇಳಿದ್ರೆ ಪಾಸು” ಎನ್ನುತ್ತಾನೆ. ಹೆರಿಗೆ ವಾರ್ಡಿನ ಹೊರಗೆ ಕೂತಿದ್ದ ಗಂಡ “ಸುಲಭವಾಗಿ ಆಯ್ತು” ಎಂದ ಹಾಗೆ ಇದು. ಆಗ ಹತ್ತು ಪ್ರಶ್ನೆಯೇನೋ ನಿಜ, ಆದರೆ ಅವು ಅಮೆರಿಕದ ಬಗ್ಗೆ. ಅದರ ನಾಲ್ಕೈದು ಪಟ್ಟು ಪ್ರಶ್ನೆಗಳು ನಮ್ಮ ಬಗ್ಗೆಯೇ ಇರುತ್ತಿದ್ದವು. ಜಾರ್ಜ್ ವಾಷಿಂಗ್ಟನ್ ಏನೇನು ಮಾಡಿದ ಎಂಬುದನ್ನು ಬಾಯಿಪಾಠ ಮಾಡಬಹುದು. ನಾನು ಏನೇನು ಮಾಡಿದ್ದೇನೆ ಎಂಬುದಕ್ಕೆ ಗೈಡು ಎಲ್ಲಿ ಸಿಗುತ್ತದೆ?

ನಾನು ತಿಪಟೂರಿನವನು, ಇರುವುದು ನ್ಯೂಜೆರ್ಸಿಯಲ್ಲಿ, ಕೆಲಸ ಎಲ್ಲರದ್ದೇ ಕೆಲಸ: ಸಾಫ್ಟ್‌ವೇರ್. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡಿನ ಸಾಲು ಎಷ್ಟುದ್ದ ಎಂಬುದು ಅದರಲ್ಲಿ ನಿಂತವರಿಗೇ ಗೊತ್ತು. ವರ್ಷದ ಕೋಟಾದಲ್ಲಿ ಒಂದು ದೇಶದವರಿಗೆ ನೂರಕ್ಕೆ 7ಕ್ಕಿಂತ ಹೆಚ್ಚು ಕಾರ್ಡು ಕೊಡುವಂತಿಲ್ಲ ಎಂಬ ನಿಯಮ. ಐಸ್‌ಲ್ಯಾಂಡಿಗೂ ಅಷ್ಟೇ, ಇಂಡಿಯಾಕ್ಕೂ ಅಷ್ಟೇ. ಅರ್ಜಿ ಹಾಕಿದಾಗ ಕಪ್ಪು ಮೀಸೆ ಇದ್ದ ನಾನು ಕಾರ್ಡು ಕೈಗೆ ಬರುವ ಹೊತ್ತಿಗೆ, ಬಣ್ಣ ಹಚ್ಚಿ ಸಾಕಾಗಿ ಮೀಸೆಯನ್ನೇ ತೆಗೆಸಿದ್ದೆ. ಕಾರ್ಡು ಬಂದು ಐದು ವರ್ಷ ಕಳೆದ ಮೇಲೆ ಪೌರತ್ವದ ಯೋಗ. ಅಷ್ಟರಲ್ಲಿ, ಇಲ್ಲೇ ಹುಟ್ಟಿ ಹುಟ್ಟಿದ ದಿನವೇ ಪ್ರಜೆಯಾಗಿದ್ದ ನನ್ನ ಮಗಳು ಹೈಸ್ಕೂಲಿನಲ್ಲಿ ಅಮೆರಿಕದ ಚರಿತ್ರೆ ಓದಿ, ಅಪ್ಪನನ್ನು ಪರೀಕ್ಷೆ ಮಾಡುವಷ್ಟು ಬೆಳೆದಿದ್ದಳು.

ಮೊದಲ ಗಂಡಾಂತರ ಎನ್-400 ಎಂಬ ಅರ್ಜಿ. 2023ರಲ್ಲಿ ನಾನು ತುಂಬಿದ್ದು 20 ಪುಟದ್ದು. ಬೆರಳಚ್ಚಿನ ಖರ್ಚೂ ಸೇರಿ ಶುಲ್ಕ 725 ಡಾಲರ್. ಐದು ವರ್ಷದಲ್ಲಿ ಎಲ್ಲೆಲ್ಲಿ ವಾಸವಿದ್ದಿರಿ, ಎಲ್ಲೆಲ್ಲಿ ದುಡಿದಿರಿ, ದೇಶ ಬಿಟ್ಟು 24 ಗಂಟೆಗಿಂತ ಹೆಚ್ಚು ಹೊತ್ತು ಯಾವಾಗ ಯಾವಾಗ ಹೊರಗಿದ್ದಿರಿ, ಎಲ್ಲವೂ ತಾರೀಖಿನ ಸಮೇತ ಬೇಕು. ಊರಿಗೆ ಹೋದ ತಾರೀಖು ಪಾಸ್‌ಪೋರ್ಟಿನ ಮುದ್ರೆಯಲ್ಲಿತ್ತು. ನಯಾಗರಾ ನೋಡಲು ಕೆನಡಾ ಕಡೆಗೆ ದಾಟಿದ್ದಕ್ಕೆ ಮುದ್ರೆಯೇ ಇರಲಿಲ್ಲ. ನನ್ನಾಕೆ ಫೋನಿನ ಫೋಟೋಗಳನ್ನು ಜಾಲಾಡಿ, “ಇಲ್ಲಿ ನೋಡ್ರೀ, ನೀವು ರೈನ್‌ಕೋಟ್ ಹಾಕ್ಕೊಂಡು ನಡುಗ್ತಾ ಇದೀರ, ಹಿಂದೆ ಕೆನಡಾದ ಬಾವುಟ ಇದೆ” ಎಂದು ತಾರೀಖು ಹುಡುಕಿಕೊಟ್ಟಳು.

ಆಮೇಲೆ ಬಂತು ಸಂಘ–ಸಂಸ್ಥೆಗಳ ಪ್ರಶ್ನೆ. ನೀವು ಎಂದಾದರೂ, ಲೋಕದ ಯಾವ ಮೂಲೆಯಲ್ಲಾದರೂ, ಯಾವುದೇ ಸಂಘ, ನಿಧಿ, ಪ್ರತಿಷ್ಠಾನ, ಪಕ್ಷ, ಕ್ಲಬ್ಬು ಅಥವಾ ಅಂಥ ಗುಂಪಿನಲ್ಲಿ ಸದಸ್ಯರಾಗಿದ್ದಿರಾ ಎಂಬುದು ಅದರ ತಾತ್ಪರ್ಯ. ಕನ್ನಡಿಗನನ್ನು ಇಂಥ ಪ್ರಶ್ನೆ ಕೇಳಬಾರದು. ನಾನು ನೆನೆಸಿಕೊಂಡು ಬರೆಯುತ್ತಾ ಹೋದೆ: ಬೀದಿಯ ಗಣೇಶೋತ್ಸವ ಸಮಿತಿ, ಹಾಸ್ಟೆಲಿನ ಮೆಸ್ ಕಮಿಟಿ, ಡಾ. ರಾಜ್‌ಕುಮಾರ್ ಅಭಿಮಾನಿಗಳ ಸಂಘ, ಕಾಲೇಜಿನ ಕನ್ನಡ ಸಂಘ, ಬೆಂಗಳೂರಿನ ಬಾಡಿಗೆ ಮನೆಯ ಓನರಮ್ಮ ನಡೆಸುತ್ತಿದ್ದ ಚೀಟಿ, ಇಲ್ಲಿಯ ಕನ್ನಡ ಕೂಟ. ಕೂಟ ಒಡೆದು ಎರಡಾದಾಗ ನಾನು ಎರಡಕ್ಕೂ ಚಂದಾ ಕಟ್ಟಿದ್ದೆ. ತತ್ತ್ವದ ಪ್ರಶ್ನೆಯೇನಲ್ಲ, ಎರಡೂ ಕಡೆ ಊಟ ಚೆನ್ನಾಗಿತ್ತು. ಪಟ್ಟಿ ಹೆಚ್ಚುವರಿ ಹಾಳೆಗೆ ಹರಿದಾಗ ನನ್ನಾಕೆ ಇಣುಕಿ ನೋಡಿದಳು. “ಇದನ್ನ ಓದಿದ್ರೆ ನೀವು ಯಾವುದೋ ಭೂಗತ ಸಂಘಟನೆಯ ನಾಯಕ ಅಂದ್ಕೋತಾರೆ” ಎಂದಳು. ನಾಯಕನಲ್ಲ, ಸಹ ಖಜಾಂಚಿ ಎಂದು ತಿದ್ದಿದೆ.

ಅರ್ಜಿ ಹೋಯಿತು, ಬೆರಳಚ್ಚು ಆಯಿತು, ಅಕ್ಟೋಬರಿಗೆ ಸಂದರ್ಶನ ಎಂದು ಕಾಗದ ಬಂತು. ಆಗ ಪ್ರಶ್ನೆಗಳ ಅಧಿಕೃತ ಪಟ್ಟಿಯಲ್ಲಿ ಇದ್ದದ್ದು 100. ಅವನ್ನೂ, ಅವುಗಳ ಉತ್ತರಗಳನ್ನೂ ಸರ್ಕಾರವೇ ಮೊದಲೇ ಪ್ರಕಟಿಸಿಬಿಟ್ಟಿರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ‘ಇಂಪಾರ್ಟೆಂಟ್ ಕ್ವೆಶ್ಚನ್’ ಎಂದು ಯಾರೋ ಪಿಸುಗುಟ್ಟಿದ ಹತ್ತು ಪ್ರಶ್ನೆಗಾಗಿ ರಾತ್ರಿಯಿಡೀ ಅಲೆದವರಿಗೆ ಇದು ಅರಗದ ಔದಾರ್ಯ. ಇದರಲ್ಲಿ ಏನೋ ಮೋಸವಿರಬೇಕು ಎಂದು ನಾನು ಪಟ್ಟಿಯ ಹೊರಗಿನದನ್ನೂ ಓದತೊಡಗಿದೆ. ತಿದ್ದುಪಡಿ ಎಷ್ಟು ಎಂದರೆ 27 ಎಂದರೆ ಸಾಕು. ನಾನು ಇಪ್ಪತ್ತೇಳರ ವಿವರವನ್ನೂ ಉರು ಹೊಡೆದೆ. ಪ್ರತಿನಿಧಿ ಸಭೆಗೆ 435, ಸೆನೆಟ್ಟಿಗೆ 100, ಸುಪ್ರೀಂ ಕೋರ್ಟಿಗೆ 9 ಎಂದು ಸ್ನಾನದ ಮನೆಯಲ್ಲಿ ಜಪಿಸಿದೆ.

ಪಟ್ಟಿ ಗಟ್ಟಿಯಾಯಿತು ಎನ್ನುವಷ್ಟರಲ್ಲಿ ಅಮೆರಿಕವೇ ಅಲುಗಾಡಿತು. 20ನೆಯ ಪ್ರಶ್ನೆ: ನಿಮ್ಮ ರಾಜ್ಯದ ಸೆನೆಟರುಗಳಲ್ಲಿ ಒಬ್ಬರ ಹೆಸರು ಹೇಳಿ. ನಾನು ಆರಿಸಿಕೊಂಡಿದ್ದು ಬಾಬ್ ಮೆನೆಂಡೆಜ್. ಸೆಪ್ಟೆಂಬರ್ 22ರಂದು ಅವರ ಮೇಲೆ ಲಂಚದ ಆರೋಪಪಟ್ಟಿ ಹೊರಬಿತ್ತು. ಮನೆಯ ಶೋಧದಲ್ಲಿ ಚಿನ್ನದ ಗಟ್ಟಿಗಳು, ಲಕೋಟೆಗಳಲ್ಲಿ ತುರುಕಿ ಬಟ್ಟೆಗಳಲ್ಲಿ, ಕಪಾಟುಗಳಲ್ಲಿ ಬಚ್ಚಿಟ್ಟ ನಗದು, ಒಟ್ಟು 4,80,000 ಡಾಲರಿಗೂ ಹೆಚ್ಚು ಸಿಕ್ಕಿತೆಂದು ಸುದ್ದಿ. ಮಗಳು, “ಅಪ್ಪಾ, ಅವರು ರಿಸೈನ್ ಮಾಡಿದ್ರೆ ನಿನ್ನ ಆನ್ಸರ್ ತಪ್ಪಾಗತ್ತೆ” ಎಂದಳು. ಅವರು ನಿರಪರಾಧಿ ಎಂದು ವಾದಿಸುತ್ತಾ ಕುರ್ಚಿಯಲ್ಲೇ ಕೂತರು. ಕರ್ನಾಟಕದ ರಾಜಕೀಯ ನೋಡಿ ಬೆಳೆದ ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಆದರೂ ಅಪಾಯವೇಕೆಂದು ಇನ್ನೊಬ್ಬ ಸೆನೆಟರ್ ಕೋರಿ ಬುಕರ್ ಅವರಿಗೆ ಪಕ್ಷಾಂತರ ಮಾಡಿದೆ.

ಅದಾಗಿ ಹನ್ನೊಂದು ದಿನಕ್ಕೆ, ಅಕ್ಟೋಬರ್ 3ರಂದು, 47ನೆಯ ಪ್ರಶ್ನೆ ಉರುಳಿತು. ಪ್ರತಿನಿಧಿ ಸಭೆಯ ಸ್ಪೀಕರ್ ಯಾರು? ಜನವರಿಯಲ್ಲಿ 15 ಸುತ್ತು ಮತದಾನ ನಡೆದು ಗೆದ್ದಿದ್ದ ಕೆವಿನ್ ಮೆಕಾರ್ಥಿಯವರನ್ನು ಅವರ ಪಕ್ಷದವರೇ ಕೆಲವರು ವಿರೋಧಿಗಳ ಜೊತೆ ಸೇರಿ 216–210 ಮತಗಳಿಂದ ಇಳಿಸಿಬಿಟ್ಟರು. ಅಮೆರಿಕದ ಚರಿತ್ರೆಯಲ್ಲಿ ಸ್ಪೀಕರನ್ನು ಹೀಗೆ ಮತ ಹಾಕಿ ಇಳಿಸಿದ್ದು ಅದೇ ಮೊದಲು. ಇಷ್ಟು ದೊಡ್ಡ ದೇಶ ಇನ್ನೂರು ಚಿಲ್ಲರೆ ವರ್ಷ ಕಾದು, ನಾನು ಪರೀಕ್ಷೆ ಬರೆಯುವ ತಿಂಗಳನ್ನೇ ಆರಿಸಿಕೊಂಡಿತು. ಹಂಗಾಮಿಯಾಗಿ ಪ್ಯಾಟ್ರಿಕ್ ಮೆಕ್‌ಹೆನ್ರಿ ಕೂತರು. ಸ್ಟೀವ್ ಸ್ಕಲೀಸ್ ಅಭ್ಯರ್ಥಿಯಾಗಿ ಹಿಂದೆ ಸರಿದರು. ಜಿಮ್ ಜೋರ್ಡನ್ ನಿಂತು, ಸೋತು, ಮತ್ತೆ ನಿಂತರು. ನನ್ನ ಸಂದರ್ಶನ ಆ ಗದ್ದಲದ ನಡುವಿನ ವಾರದಲ್ಲಿ. ಪ್ರತಿದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು, “ಯಾರಾದ್ರೂ ಗೆದ್ರಾ?” ಎಂದು ಮಗಳನ್ನು ಕೇಳುವುದಾಯಿತು. ತಿಪಟೂರಿನ ನಗರಸಭೆಯ ಅಧ್ಯಕ್ಷರ ಆಯ್ಕೆಗೂ ನಾನು ಅಷ್ಟು ನಿದ್ದೆಗೆಟ್ಟವನಲ್ಲ.

ನಮ್ಮ ಕೂಟದಲ್ಲಿ ಒಬ್ಬ ಹಿರಿಯರಿದ್ದಾರೆ. ಅವರು ವಕೀಲರಲ್ಲ, ಆದರೆ ಊಟದ ಸಾಲಿನಲ್ಲಿ ನಿಂತವರಿಗೆಲ್ಲ ಇಮಿಗ್ರೇಷನ್ ಸಲಹೆ ಕೊಡುತ್ತಾರೆ. “ನೋಡಿ, ಸೂಟ್ ಹಾಕ್ಕೊಂಡು ಹೋಗಿ. ಫೈಲು ದಪ್ಪ ಇರಲಿ. ಏನು ಕೇಳಿದ್ರೂ ಡಾಕ್ಯುಮೆಂಟ್ ತೋರಿಸಬೇಕು” ಎಂದರು. ನನ್ನ ಫೈಲಿನಲ್ಲಿ ತೆರಿಗೆ ಪತ್ರಗಳು, ಪಾರ್ಕಿಂಗ್ ದಂಡದ ರಸೀದಿ, ಮದುವೆಯ ನೋಂದಣಿ ಪತ್ರ, ಅದನ್ನು ನಂಬದಿದ್ದರೆ ಲಗ್ನಪತ್ರಿಕೆ, ಅದನ್ನೂ ನಂಬದಿದ್ದರೆ ಇರಲಿ ಎಂದು ಮದುವೆಯ ಆಲ್ಬಂ, ಎಲ್ಲ ಸೇರಿದವು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ, ಮೂರೇ ವರ್ಷಕ್ಕೆ ಅರ್ಜಿ ಹಾಕುವವರಿಗೆ ದಾಂಪತ್ಯದ ಪುರಾವೆ ಮುಖ್ಯ. ನನ್ನ ಹೆಂಡತಿಯೂ ನನ್ನ ಹಾಗೇ ಗ್ರೀನ್ ಕಾರ್ಡಿನವಳು. ಆದರೂ ಆಲ್ಬಂ ಒಯ್ದೆ. ಅದರಲ್ಲಿ ನನಗೆ ಮೀಸೆ ಇತ್ತು.

ಹಿಂದಿನ ರಾತ್ರಿ ತಿಪಟೂರಿನಿಂದ ಅಮ್ಮನ ಫೋನು. “ಅಲ್ಲಿ ಪ್ರಜೆಯಾದ್ರೆ ಇಲ್ಲಿ ಏನೂ ಅಲ್ವೇನೋ ನೀನು?” ಎಂದಳು. ಭಾರತದ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ, ಇಲ್ಲಿಯದು ಸಿಕ್ಕ ಕೂಡಲೇ ಅಲ್ಲಿಯದು ಹೋಗುತ್ತದೆ, ಆಮೇಲೆ ಓಸಿಐ ಎಂಬ ಕಾರ್ಡು ಮಾಡಿಸಬೇಕು, ಅದಿದ್ದರೆ ವೀಸಾ ಬೇಡ, ಆದರೆ ಓಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ ಎಂದು ವಿವರಿಸಿದೆ. “ಇರೋ ತೋಟ?” ಎಂದಳು. ಪಿತ್ರಾರ್ಜಿತವಾಗಿ ಬಂದದ್ದಕ್ಕೆ ತೊಂದರೆಯಿಲ್ಲ ಎಂದೆ. “ಹಾಗಿದ್ರೆ ಸರಿ, ಹೋಗ್ಬಾ. ನಂಜನಗೂಡಿನ ವಿಭೂತಿ ಕಳಿಸಿದ್ನಲ್ಲ, ಜೇಬಲ್ಲಿ ಇಟ್ಕೊಂಡು ಹೋಗು” ಎಂದಳು. ಅಮೆರಿಕದ ಸಂಯುಕ್ತ ಸಂಸ್ಥಾನದ ಬಗ್ಗೆ ಅವಳ ವಿಚಾರಣೆ ಅಲ್ಲಿಗೆ ಮುಗಿಯಿತು.

ಆ ವಿಭೂತಿಯೇ ಮೊದಲ ಸಂದರ್ಶನವಾಯಿತು. ಫೆಡರಲ್ ಕಟ್ಟಡದ ಬಾಗಿಲಲ್ಲಿ ಬೆಲ್ಟು, ಗಡಿಯಾರ, ಆಲ್ಬಂ ಎಲ್ಲವನ್ನೂ ತಟ್ಟೆಗೆ ಹಾಕಿದೆ. ಕಾವಲುಗಾರ ನನ್ನ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆಸಿ ಬಿಚ್ಚಿದ. ಒಳಗೆ ಬಿಳಿಯ ಪುಡಿ.

“ಏನಿದು?”

“ಪವಿತ್ರ ಬೂದಿ.”

ಅವನ ಮುಖ ಗಂಭೀರವಾಯಿತು. “ಯಾರದು?”

ಈ ಪ್ರಶ್ನೆ ನೂರರ ಪಟ್ಟಿಯಲ್ಲಿ ಇರಲಿಲ್ಲ. ಈಶ್ವರನದು ಎನ್ನಲೋ, ನಂಜನಗೂಡಿನದು ಎನ್ನಲೋ ಎಂದು ತಡಕಾಡಿ, ವೈಜ್ಞಾನಿಕವಾಗಿ ಹೇಳುವುದೇ ಮೇಲು ಎನಿಸಿ, “ಹಸುವಿನದು” ಎಂದೆ. ಸಗಣಿಯ ಬೆರಣಿ ಸುಟ್ಟು ಮಾಡುವ ಕ್ರಮವನ್ನು ಹೇಳುವ ಮೊದಲೇ ಅವನು ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ತಟ್ಟೆಯಲ್ಲಿಟ್ಟು, ನನ್ನ ಕಣ್ಣಲ್ಲಿ ಕಣ್ಣಿಟ್ಟು, “ನಿಮಗಾದ ನಷ್ಟಕ್ಕೆ ನನ್ನ ಸಂತಾಪ” ಎಂದ. ಹಿಂದಿದ್ದ ಹೆಂಗಸೊಬ್ಬಳು ನನ್ನ ಬೆನ್ನು ಸವರಿದಳು. ಸಾಕಿದ ಹಸುವನ್ನು ಕಳೆದುಕೊಂಡವನ ಮುಖಭಾವದಲ್ಲೇ ನಾನು ಲಿಫ್ಟ್ ಹತ್ತಿದೆ.

ಅಧಿಕಾರಿ ನಡುವಯಸ್ಸಿನ ಹೆಂಗಸು, ಮಾತು ಮೆದು. ನಿಂತು ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ನಾನು ಪ್ರಮಾಣ ಮಾಡಿ, ಕೂತೆ, ಕೈ ಮಾತ್ರ ಮೇಲೇ ಇತ್ತು. “ಕೈ ಇಳಿಸಬಹುದು” ಎಂದು ಅವರೇ ಹೇಳಬೇಕಾಯಿತು. ನನ್ನ ಮುಖ್ಯ ತೊಂದರೆ ಶುರುವಾದದ್ದು ಆ ಪ್ರಮಾಣದಿಂದಲೇ. ಸತ್ಯ ಹೇಳು ಎಂದರೆ ಇಡೀ ಸತ್ಯ ಹೇಳಬೇಕು ಎಂದು ನಾನು ತಿಳಿದೆ. ಅವರಿಗೆ ಬೇಕಾಗಿದ್ದದ್ದು ಹೌದು, ಇಲ್ಲ.

“ಬರುವಾಗ ಟ್ರಾಫಿಕ್ ಹೇಗಿತ್ತು?” ಎಂದು ಶುರು ಮಾಡಿದರು. ಇದು ಉಭಯಕುಶಲೋಪರಿಯಲ್ಲ. ಇಂಗ್ಲಿಷ್ ಮಾತಾಡಲು ಬರುತ್ತದೆಯೇ ಎಂಬ ಪರೀಕ್ಷೆ ಇಂಥ ಮಾತುಗಳಲ್ಲೇ ನಡೆದುಹೋಗುತ್ತದೆ. ನಾನು ಟರ್ನ್‌ಪೈಕಿನಲ್ಲಿ ಲಾರಿ ಕೆಟ್ಟು ನಿಂತದ್ದರಿಂದ ಹಿಡಿದು ರಸ್ತೆ ದುರಸ್ತಿಯ ಗುತ್ತಿಗೆದಾರರ ತನಕ ಬಂದಾಗ ಅವರು ಟಿಕ್ ಹಾಕಿಯಾಗಿತ್ತು.

ಮುಂದಿನದು ಹೆಸರು. ನನ್ನ ಪಾಸ್‌ಪೋರ್ಟಿನಲ್ಲಿ ಊರು ಮೊದಲು, ಅಪ್ಪ ನಡುವೆ, ನಾನು ಕೊನೆಯಲ್ಲಿ. ಹಾಗಾಗಿ ಈ ದೇಶದ ಬ್ಯಾಂಕು, ಆಸ್ಪತ್ರೆ, ಆಫೀಸು ಎಲ್ಲಕ್ಕೂ ನಾನು ‘ತಿಪಟೂರು’. ಸಹೋದ್ಯೋಗಿಗಳಿಗೆ ‘ಟಿಪ್’. ಪೌರತ್ವದ ಜೊತೆಗೇ ಹೆಸರು ಬದಲಿಸಿಕೊಳ್ಳುವ ಅವಕಾಶವೂ ಇದೆ. “ಬದಲಿಸಬೇಕೇ?” ಎಂದರು. ಇಡೀ ಊರನ್ನು ಇಷ್ಟು ವರ್ಷ ಹೆಗಲ ಮೇಲೆ ಹೊತ್ತು ಈಗ ಇಳಿಸಿದರೆ ಊರಿನವರು ಏನೆಂದುಕೊಂಡಾರು ಎನಿಸಿ ಬೇಡವೆಂದೆ. “ಬೇರೆ ಹೆಸರು ಬಳಸಿದ್ದುಂಟೇ?” ಎಂಬುದಕ್ಕೆ ಮನೆಯಲ್ಲಿ ಕರೆಯುವುದು, ಶಾಲೆಯಲ್ಲಿ ಇಟ್ಟ ಅಡ್ಡಹೆಸರು, ಅದು ಬಂದ ಕಾರಣ ಎಂದು ಹೊರಟೆ. ಅವರು ಕೈ ಎತ್ತಿದರು, ಈ ಸಲ ಪ್ರಮಾಣಕ್ಕಲ್ಲ.

ಆಮೇಲೆ ನಾನು ಕಾದಿದ್ದ ಘಳಿಗೆ. ದೇಶದ ಪರಮೋಚ್ಚ ಕಾನೂನು ಯಾವುದು? ಸಂವಿಧಾನ. ಎಷ್ಟು ತಿದ್ದುಪಡಿಗಳಾಗಿವೆ?

“27” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಿಂದಿನ ತಿಂಗಳಷ್ಟೇ ಮಹಿಳಾ ಮೀಸಲಾತಿಯ ತಿದ್ದುಪಡಿ ಓದಿದ್ದ ನೆನಪು ಗಂಟಲಿಗೆ ಬಂತು. “27 ಏನೇನೂ ಅಲ್ಲ ಮೇಡಂ, ನಮ್ಮಲ್ಲಿ 73 ವರ್ಷಕ್ಕೇ 106 ಆಗಿವೆ!” ಎಂದೆ. ಅಧಿಕಾರಿಯ ಪೆನ್ನು ನಿಂತಿತು. ಅಮೆರಿಕದ ಪ್ರಜೆಯಾಗಲು ಬಂದು, ಅಮೆರಿಕದ ಬಾವುಟದ ಕೆಳಗೆ ಕೂತು, ‘ನಮ್ಮಲ್ಲಿ’ ಎಂದು ಭಾರತದ ಸಂವಿಧಾನದ ಅಂಕಿ ಎತ್ತಿ ಹಿಡಿದ ಮೊದಲ ಅಭ್ಯರ್ಥಿ ನಾನೇ ಇರಬೇಕು. “ಅಂದರೆ... ಇಲ್ಲಿಯ ತನಕ ನಮ್ಮಲ್ಲಿ” ಎಂದು ಸೇರಿಸಿದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ನಿಮ್ಮ ರಾಜ್ಯದ ಒಬ್ಬ ಸೆನೆಟರ್? ಕೋರಿ ಬುಕರ್. ಇನ್ನೊಬ್ಬರ ಹೆಸರೂ ಗೊತ್ತು, ಸದ್ಯಕ್ಕೆ ಹೇಳುವುದು ಉಚಿತವಲ್ಲ ಎಂದೆ. ಬಾವುಟದಲ್ಲಿ 13 ಪಟ್ಟಿ ಏಕೆ? ಮೂಲ ವಸಾಹತುಗಳು 13. ದೇಶದ ಅತಿ ಉದ್ದದ ಎರಡು ನದಿಗಳಲ್ಲಿ ಒಂದು? ಮಿಸೌರಿ. ಮೊದಲ ಅಧ್ಯಕ್ಷ? ವಾಷಿಂಗ್ಟನ್. ಅಷ್ಟಕ್ಕೆ ಅವರು, “ಸರಿ, ಈ ಭಾಗ ಮುಗಿಯಿತು” ಎಂದು ಹಾಳೆ ಮಗುಚಿದರು. ಆರು ಸರಿಯಾದ ಕೂಡಲೇ ನಿಲ್ಲಿಸುವುದು ಆಗಿನ ನಿಯಮ. ನನ್ನ ಎದೆ ಒಡೆಯಿತು. ಇನ್ನೂ ನಾಲ್ಕು ಪ್ರಶ್ನೆ ನನಗೆ ಬರಬೇಕಾಗಿತ್ತು! “ಸ್ಪೀಕರ್ ಯಾರು ಅಂತ ಕೇಳುವುದಿಲ್ಲವೇ?” ಎಂದೆ. ಹಂಗಾಮಿ, ಹಿಂದೆ ಸರಿದವರು, ಸೋತವರು, ಎಲ್ಲರ ಪಟ್ಟಿ ನಾಲಿಗೆಯ ತುದಿಯಲ್ಲಿತ್ತು. “ಇವತ್ತು ಅದು ನನಗೂ ಕಷ್ಟ” ಎಂದು ಅವರು ಮೊದಲ ಬಾರಿಗೆ ನಕ್ಕರು.

ಓದುವ ಪರೀಕ್ಷೆಗೆ ಒಂದು ವಾಕ್ಯ, ಬರೆಯುವುದಕ್ಕೆ ಒಂದು ವಾಕ್ಯ. ಮೂರು ಅವಕಾಶಗಳಲ್ಲಿ ಒಂದು ಸರಿಯಾದರೂ ಸಾಕು. ಬರೆಯಬೇಕಾದ್ದು ಪ್ರಜೆಗಳು ಮತ ಹಾಕಬಹುದು ಎಂಬಷ್ಟು ಸಣ್ಣ ವಾಕ್ಯ. ಟ್ಯಾಬ್ಲೆಟ್ಟಿನ ಮೇಲೆ ಕಡ್ಡಿ ಹಿಡಿದು ಬರೆಯಬೇಕು. ಕೈಬರಹ ಬಿಟ್ಟು ಎಷ್ಟೋ ಕಾಲವಾಗಿದ್ದರೂ, ಪರೀಕ್ಷೆ ಎಂದಾಕ್ಷಣ ಕೈ ತನ್ನ ಪಾಡಿಗೆ ತಾನು ಪುಟದ ನೆತ್ತಿಯ ಮೇಲೆ ‘ಶ್ರೀ’ ಬರೆಯಿತು. ಅಧಿಕಾರಿ ಬಗ್ಗಿ ನೋಡಿ, “ಇದು ಯಾವ ಅಕ್ಷರ?” ಎಂದರು. ಅಮೆರಿಕದ ಸರ್ಕಾರದ ಕಡತದಲ್ಲಿ ಲಕ್ಷ್ಮಿಯನ್ನು ಕೂರಿಸಿದ್ದೇನೆ ಎಂದು ಹೇಳಲಾರದೆ, “ಪೆನ್ನು ಬರೆಯುತ್ತದೆಯೋ ನೋಡಿದೆ” ಎಂದೆ. ಪ್ರಮಾಣ ಮಾಡಿದ ಮೇಲೆ ಹೇಳಿದ ಏಕೈಕ ಸುಳ್ಳು ಅದು. ವಿದ್ಯೆಯ ಹೆಸರಿನಲ್ಲಿ ಹೇಳಿದ್ದರಿಂದ ಸರಸ್ವತಿ ಕ್ಷಮಿಸಿರಬಹುದು.

ಇಷ್ಟಾದ ಮೇಲೆ ಎನ್-400ರ ‘ಎಂದಾದರೂ’ ಪ್ರಶ್ನೆಗಳು. ಎಂದಾದರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ? ಇಲ್ಲ. ಬಲಪ್ರಯೋಗದಿಂದ ಸರ್ಕಾರ ಉರುಳಿಸಲು ಪ್ರಚಾರ ಮಾಡಿದ್ದೀರಾ? 1982ರ ಗೋಕಾಕ್ ಚಳವಳಿಯಲ್ಲಿ, ರಾಜ್‌ಕುಮಾರ್ ಬರುತ್ತಾರೆಂದು ಅಪ್ಪನ ಹೆಗಲ ಮೇಲೆ ಕೂತು ಘೋಷಣೆ ಕೂಗಿದ್ದು ನೆನಪಾಯಿತು. ಅದು ಭಾಷೆಗಾಗಿ, ಸರ್ಕಾರ ಬೀಳಿಸಲು ಅಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡು “ಇಲ್ಲ” ಎಂದೆ. 1933ರ ಮಾರ್ಚ್ 23ರಿಂದ 1945ರ ಮೇ 8ರ ನಡುವೆ ಜರ್ಮನಿಯ ನಾಜಿ ಸರ್ಕಾರದ ಜೊತೆ ಕೆಲಸ ಮಾಡಿದ್ದೀರಾ? ಆಗ ನಮ್ಮಪ್ಪನಿಗೇ ಮಾತು ಬರುತ್ತಿರಲಿಲ್ಲ. “ಇಲ್ಲ.”

ಎಂದಾದರೂ ಸೈನಿಕ, ಅರೆಸೈನಿಕ ಅಥವಾ ಆಯುಧ ತರಬೇತಿ ಪಡೆದಿದ್ದೀರಾ?

“ಹೌದು” ಎಂದೆ. ಕೋಣೆಯ ಗಾಳಿ ಬದಲಾಯಿತು.

“ಯಾವ ಪಡೆ?”

“ಎನ್‌ಸಿಸಿ.” ಅದು ಶಾಲಾ ಮಕ್ಕಳದು ಎಂದು ವಿವರಿಸಿದೆ. ಆಯುಧ? ಪಾಯಿಂಟ್ 22 ರೈಫಲ್. ಗುರಿ? ನನ್ನ ಗುಂಡುಗಳು ಪಕ್ಕದವನ ಹಲಗೆಗೆ ಬಿದ್ದು ಅವನಿಗೆ ಬಹುಮಾನ ಬಂದಿತ್ತು. ಹಾಗಾದರೆ ಏಕೆ ಸೇರಿದಿರಿ? ಸತ್ಯ ಹೇಳುವುದಾಗಿ ಪ್ರಮಾಣ ಮಾಡಿದ್ದೆನಲ್ಲ: “ಪೆರೇಡ್ ಮುಗಿದ ಮೇಲೆ ಪೂರಿ ಕೊಡುತ್ತಿದ್ದರು.” ಅವರು ಬಹಳ ಹೊತ್ತು ಟೈಪು ಮಾಡಿದರು. ಪೂರಿಯ ಕಾಗುಣಿತ ಕೇಳಲಿಲ್ಲವಾದ್ದರಿಂದ ಅದನ್ನು ಸೇರಿಸಿರಲಾರರು.

ವಂಶಪಾರಂಪರ್ಯವಾದ ಬಿರುದು ಅಥವಾ ರಾಜಪದವಿ? ನಮ್ಮ ತಾತ ಶಾನುಭೋಗರು, ಅವರ ತಂದೆಯೂ ಶಾನುಭೋಗರು, ಅದು ವಂಶಪಾರಂಪರ್ಯವೇ. ಆದರೆ 1961ರಲ್ಲಿ ಕಾಯ್ದೆ ತಂದು ಇಂಥ ಗ್ರಾಮ ಹುದ್ದೆಗಳನ್ನೆಲ್ಲ ರದ್ದು ಮಾಡಿದರು, ಇಲ್ಲದಿದ್ದರೆ ನಾನು ಇಲ್ಲಿ ಕೂತಿರುತ್ತಲೇ ಇರಲಿಲ್ಲ ಎಂದೆ. “ಅರಮನೆ ಇತ್ತೇ?” ಎಂದರು. “ಕಡತದ ಪೆಟ್ಟಿಗೆ ಇತ್ತು.” “ಇಲ್ಲ ಎಂದು ಬರೆಯುತ್ತೇನೆ” ಎಂದರು. ಎರಡು ತಲೆಮಾರಿನ ಶಾನುಭೋಗಿಕೆ ಒಂದು ಟಿಕ್ಕಿನಲ್ಲಿ ಎರಡನೆಯ ಬಾರಿ ರದ್ದಾಯಿತು.

ಎಂದಾದರೂ ಪಕ್ಕಾ ಕುಡುಕರಾಗಿದ್ದಿರಾ? ಇಲ್ಲ. ಇಷ್ಟು ಚುಟುಕಾಗಿ ಉತ್ತರಿಸಿದ್ದಕ್ಕೆ ನನಗೇ ಹೆಮ್ಮೆಯಾಯಿತು. ಅಕ್ರಮವಾಗಿ ಜೂಜಾಡಿದ್ದೀರಾ? ಇಲ್ಲಿ ಯುಗಾದಿ ಅಡ್ಡ ಬಂತು. ನಮ್ಮ ಕಡೆ ಯುಗಾದಿಯ ದಿನ ಒಬ್ಬಟ್ಟು ತಿಂದ ಮೇಲೆ ಇಸ್ಪೀಟು ಹರಡುವುದು ಸಂಪ್ರದಾಯ, ಚಿಕ್ಕಪ್ಪನಿಗೆ ನಾನು ಎಂಟಾಣೆ ಸೋತದ್ದುಂಟು. ಇದನ್ನು ಧಾರ್ಮಿಕ ಆಚರಣೆ ಎನ್ನಬಹುದೇ ಎಂದು ಯೋಚಿಸುತ್ತಾ ಎರಡು ಕ್ಷಣ ಮೌನವಾದೆ. ಮೌನ ಜೂಜುಗಾರನ ಹಾಗೆ ಕಂಡಿರಬೇಕು. “ಸರ್?” ಎಂದರು. “ಇಲ್ಲ” ಎಂದೆ.

ಕೊನೆಗೆ ನನ್ನನ್ನು ಹಿಡಿದದ್ದು, ನೀವು ಎಂದಾದರೂ ಅಪರಾಧ ಮಾಡಿ, ಅದಕ್ಕಾಗಿ ಬಂಧನವಾಗದೆ ಉಳಿದಿದ್ದೀರಾ ಎಂಬ ಪ್ರಶ್ನೆ. ಸಿಕ್ಕಿಬೀಳದ ಕಳ್ಳನನ್ನು ಅವನ ಬಾಯಿಂದಲೇ ಹಿಡಿಯುವ ಇಂಥ ಪ್ರಶ್ನೆ ಯಾವ ದೇಶದ ಪೊಲೀಸರಿಗೂ ಹೊಳೆದಿರಲಾರದು. ತಿಪಟೂರಿನಲ್ಲಿ ಬೆಳೆದ ಹುಡುಗನಿಗೆ ಉತ್ತರ ಒಂದೇ: ಎಳನೀರು. ಪಕ್ಕದ ತೋಟದ್ದು, ರಾತ್ರಿ, ಸಂಗಡಿಗರ ಜೊತೆ. “ಎಷ್ಟು ವಯಸ್ಸು?” “ಹತ್ತಿರಬೇಕು.” “ಮರ ಹತ್ತಿದ್ದು ನೀವೇ?” ನನಗೆ ಮರ ಹತ್ತಲು ಬರುತ್ತಿರಲಿಲ್ಲ, ಕೆಳಗೆ ನಿಂತು ಕಾವಲು ಕಾಯುತ್ತಿದ್ದೆ ಎಂದೆ. ಹೀಗೆ ಹೇಳಿ ಅಪರಾಧಕ್ಕೆ ಒಳಸಂಚನ್ನೂ ಸೇರಿಸಿಕೊಂಡೆ. ಅವರು ಕನ್ನಡಕ ತೆಗೆದಿಟ್ಟರು. “ಸರ್, ಇಲ್ಲ ಎಂದು ಬರೆದುಕೊಳ್ಳುತ್ತಿದ್ದೇನೆ. ದಯವಿಟ್ಟು ನನಗೆ ಸಹಕರಿಸಿ.”

ಉಳಿದದ್ದು ನಿಷ್ಠೆಯ ಪ್ರಮಾಣವಚನ ಅರ್ಥವಾಗಿದೆಯೇ ಎಂಬುದು. ಕಾನೂನು ಕೇಳಿದಾಗ ದೇಶಕ್ಕಾಗಿ ಆಯುಧ ಹಿಡಿಯುವಿರಾ ಎಂದರು. ನನ್ನ ಗುರಿಯ ಕಥೆ ಕೇಳಿದ ಮೇಲೂ ಈ ಪ್ರಶ್ನೆ ಕೇಳಿದ್ದು ಅವರ ದೊಡ್ಡ ಗುಣ, ಹೌದು ಎಂದೆ. ಯಾವುದೇ ವಿದೇಶಿ ರಾಜನಿಗೆ, ದೊರೆಗೆ, ದೇಶಕ್ಕೆ ಇರುವ ನಿಷ್ಠೆಯನ್ನು ಪೂರ್ತಿಯಾಗಿ ತ್ಯಜಿಸುವಿರಾ? ಅದು ನವರಾತ್ರಿಯ ವಾರ. ಮನೆಯಲ್ಲಿ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು, ಮೈಸೂರಿನ ಪೇಟ ತೊಟ್ಟ ರಾಜ, ರೇಷ್ಮೆಯುಟ್ಟ ರಾಣಿ, ಆರತಿ ಮಾಡಿಸಿಕೊಂಡು ಕೂತಿದ್ದವು. ಬೆಳಿಗ್ಗೆ ನಾನೇ ಅಡ್ಡಬಿದ್ದು ಬಂದಿದ್ದೆ. ಮರದ ರಾಜನಿಗೆ ಈ ವಾಕ್ಯ ಅನ್ವಯಿಸುತ್ತದೆಯೇ ಎಂದು ಕೇಳಲು ಬಾಯಿ ತೆರೆದೆ. ಆಮೇಲೆ, ಆ ದಿನ ಮೊದಲ ಬಾರಿಗೆ, ಬಾಯಿ ಮುಚ್ಚಿ “ಹೌದು” ಎಂದೆ. ಅಧಿಕಾರಿ ಅಷ್ಟೇ ಬೇಗ ಎನ್-652 ಎಂಬ ಕಾಗದ ನನ್ನ ಕೈಗಿತ್ತರು: ಇಂಗ್ಲಿಷಿನಲ್ಲೂ ಚರಿತ್ರೆಯಲ್ಲೂ ತೇರ್ಗಡೆ, ಅನುಮೋದನೆಗೆ ಶಿಫಾರಸು. ಫೈಲಿನ ಒಂದು ಹಾಳೆಯನ್ನೂ ಅವರು ಕೇಳಲಿಲ್ಲ. ಆಲ್ಬಂ ತೋರಿಸಲೇ ಎಂದರೂ ಬೇಡವೆಂದರು.

ಅಕ್ಟೋಬರ್ 25ರಂದು ಮೈಕ್ ಜಾನ್ಸನ್ ಸ್ಪೀಕರ್ ಆದರು, ನನಗೆ ಪ್ರಯೋಜನವಿಲ್ಲದ ಹೊತ್ತಿನಲ್ಲಿ. ಪ್ರಮಾಣವಚನದ ದಿನ ಗ್ರೀನ್ ಕಾರ್ಡನ್ನು ವಾಪಸು ತೆಗೆದುಕೊಂಡರು. ಅದಕ್ಕಾಗಿ ಕಾದ ವರ್ಷಗಳಿಗೆ ರಸೀದಿಯೇನೂ ಕೊಡಲಿಲ್ಲ, ಒಂದು ಪ್ರಮಾಣಪತ್ರ ಮತ್ತು ಅಂಗೈಯಷ್ಟು ಬಾವುಟ ಕೊಟ್ಟರು. ಮರುದಿನದಿಂದ ಭಾರತದ ಪಾಸ್‌ಪೋರ್ಟ್ ಒಪ್ಪಿಸುವ, ಓಸಿಐ ಪಡೆಯುವ ಕೆಲಸ ಶುರುವಾಯಿತು. ಅದಕ್ಕೆ ಎರಡು ಇಂಚಿನ ಚೌಕದ ಫೋಟೋ ಬೇಕು, ಕಾಗದಗಳು ಬೇಕು, ಕಾಗದಗಳ ಪ್ರತಿಗಳು ಬೇಕು. ದಪ್ಪ ಫೈಲಿಗೆ ಕೊನೆಗೂ ಬೆಲೆ ಬಂತು. 2024ರ ಜುಲೈಯಲ್ಲಿ ಮೆನೆಂಡೆಜ್ ಎಲ್ಲ ಆರೋಪಗಳಲ್ಲೂ ತಪ್ಪಿತಸ್ಥರೆಂದು ತೀರ್ಪಾಗಿ, ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಆ ನವೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ನಾನೂ ಓಟು ಹಾಕಿದೆ. ಇನ್ನು ಮುಂದೆ ಇವರ ತಪ್ಪಿನಲ್ಲಿ ನನ್ನದೂ ಪಾಲಿದೆ.

ಸಂದರ್ಶನಕ್ಕೆ ಹೊರಟವರಿಗೆ ನನ್ನ ಮಾತು ಇಷ್ಟೇ. 2025ರ ಅಕ್ಟೋಬರ್ 20ರಿಂದೀಚೆಗೆ ಅರ್ಜಿ ಹಾಕಿದವರಿಗೆ ಪಟ್ಟಿಯಲ್ಲಿ ಇರುವುದು 100 ಅಲ್ಲ, 128 ಪ್ರಶ್ನೆ. ಕೇಳುವುದು 20ರವರೆಗೆ, ಸರಿಯಾಗಬೇಕಾದ್ದು 12. 9 ತಪ್ಪಾದರೆ ಅಲ್ಲಿಗೇ ಮುಗಿಯಿತು. 50 ದಾಟಿ, ಗ್ರೀನ್ ಕಾರ್ಡ್ ಪಡೆದು 20 ವರ್ಷವಾದವರಿಗೆ, ಅಥವಾ 55 ದಾಟಿ 15 ವರ್ಷವಾದವರಿಗೆ ಇಂಗ್ಲಿಷ್ ಪರೀಕ್ಷೆಯಿಲ್ಲ. ದುಭಾಷಿಯೊಬ್ಬರನ್ನು ಕರೆದೊಯ್ದು ಕನ್ನಡದಲ್ಲೇ ಉತ್ತರಿಸಬಹುದು. ಪೊಲೀಸ್ ಕೇಸು, ತೆರಿಗೆ ಬಾಕಿ, ಪ್ರಜೆಯಾಗದೆ ಓಟು ಹಾಕಿದ್ದು, ಇಂಥವು ನಿಜವಾಗಿ ಇದ್ದರೆ ಮುಚ್ಚಿಡಬೇಡಿ. ಊಟದ ಸಾಲಿನ ಹಿರಿಯರನ್ನೂ ಕೇಳಬೇಡಿ, ವಕೀಲರ ಹತ್ತಿರ ಹೋಗಿ. ಉಳಿದ ಎಲ್ಲದಕ್ಕೂ ಹೌದು ಅಥವಾ ಇಲ್ಲ ಎನ್ನಿ, ಎರಡನೆಯ ವಾಕ್ಯ ಶುರು ಮಾಡಬೇಡಿ. ವಾಷಿಂಗ್ಟನ್ನನ ಬಗ್ಗೆ ಎಷ್ಟು ಬೇಕಾದರೂ ಓದಿ, ನಿಮ್ಮ ತಾತನ ಬಗ್ಗೆ ಮಾತ್ರ ಅವರು ಕೇಳುವ ತನಕ ಸುಮ್ಮನಿರಿ.